ಕೊನೆ ಭಾಗಕ್ಕೆ ಮೇಲ್ ಮುಟ್ಟಿತೇ?

ಮಾನ್ವಿಯ ರೈಸ್ ಮಿಲ್ಲೊಂದರ ಲೆಕ್ಕದ ಕೋಣೆಯಲ್ಲಿ ಗುಮಾಸ್ತರು ‘ಸೆಂಡ್’ ಒತ್ತಿದ ಮೇಲ್ ನೇರವಾಗಿ ಮುಂಬೈಯ ಖರೀದಿದಾರರ ಕಂಪ್ಯೂಟರಿಗೆ ಹೋಗುವುದಿಲ್ಲ. ಮೊದಲು ಅದು ಮಿಲ್ಲಿನದೇ ಮೇಲ್ ಸರ್ವರ್ ಸೇರುತ್ತದೆ. ಸರ್ವರು ವಿಳಾಸದ ಕೊನೆಯಲ್ಲಿರುವ ಡೊಮೇನ್ ಹೆಸರನ್ನು ನೋಡಿ, ಆ ಹೆಸರಿನವರ ಟಪಾಲು ಇಳಿಸಿಕೊಳ್ಳುವ ಯಂತ್ರ ಯಾವುದೆಂದು ಡಿಎನ್‌ಎಸ್ ಎಂಬ ವಿಳಾಸಪಟ್ಟಿಯಲ್ಲಿ ವಿಚಾರಿಸುತ್ತದೆ. ಉತ್ತರ ಸಿಕ್ಕ ಮೇಲೆ ಆ ಯಂತ್ರದ 25ನೇ ಪೋರ್ಟಿನ ಕದ ತಟ್ಟಿ, ತನ್ನ ಹೆಸರು ಹೇಳಿ, ಇಂಥವರಿಂದ ಇಂಥವರಿಗೆ ಮೇಲ್ ತಂದಿದ್ದೇನೆ ಎನ್ನುತ್ತದೆ. ಈ ಮಾತುಕತೆಯ ಕ್ರಮವನ್ನು ಅಮೆರಿಕದ ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟರು. ಎಸ್‌ಎಂಟಿಪಿ ಎಂದು ಅದರ ಹೆಸರು. ನಲವತ್ತು ವರ್ಷ ದಾಟಿದರೂ ಒಂದು ಸಂಸ್ಥೆಯಿಂದ ಇನ್ನೊಂದು ಸಂಸ್ಥೆಗೆ ಮೇಲ್ ಕೈ ಬದಲಾಗುವುದು ಇದೇ ಕ್ರಮದಲ್ಲಿ.

ಎದುರಿನ ಸರ್ವರ್ ಕೊಡುವ ಉತ್ತರ ಮೂರಂಕಿಯದು. 2ರಿಂದ ಶುರುವಾದರೆ ‘ತೆಗೆದುಕೊಂಡೆ’ ಎಂದು ಅರ್ಥ. 5ರಿಂದ ಶುರುವಾದರೆ ‘ಆಗುವುದೇ ಇಲ್ಲ’. ಆಗ ಮೇಲ್ ಬೌನ್ಸ್ ಆಗಿ ವಾಪಸು ಬರುತ್ತದೆ, ಕಳಿಸಿದವರಿಗೆ ಸಂಗತಿ ತಿಳಿಯುತ್ತದೆ. ಕಷ್ಟವಿರುವುದು 4ರಲ್ಲಿ. ಅದು ‘ಈಗಲ್ಲ, ಆಮೇಲೆ ಬಾ’ ಎಂಬ ಉತ್ತರ. ಹಾಗೆ ತಡೆಹಿಡಿದ ಮೇಲ್ ಕಳಿಸಿದ ಸರ್ವರಿನ ಕ್ಯೂನಲ್ಲಿ ಕೂರುತ್ತದೆ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವನ್ನು ಇಂದಿಗೂ ಸಾಕಷ್ಟು ಸಂಸ್ಥೆಗಳು ಬಳಸುತ್ತವೆ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಅದು ಇಂಥ ಮೇಲನ್ನು 5 ದಿನ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ‘ನಿಮ್ಮ ಮೇಲ್ ತಡವಾಗುತ್ತಿದೆ’ ಎಂದು ಕಳಿಸಿದವರಿಗೆ ತಿಳಿಸುವ ಸೌಲಭ್ಯವೂ ಅದರಲ್ಲಿದೆ, ಆದರೆ ಬೇಕೆಂದು ಆನ್ ಮಾಡುವ ತನಕ ಅದು ಬಂದ್ ಇರುತ್ತದೆ. ಸೋಮವಾರ ಕಳಿಸಿದ ಕೊಟೇಶನ್ ಹೋಗಲೇ ಇಲ್ಲವೆಂಬ ಸುದ್ದಿ ಶನಿವಾರ ಬರುತ್ತದೆ. ಅಷ್ಟರಲ್ಲಿ ಸೋನಾ ಮಸೂರಿಯ ದರ ಬದಲಾಗಿರುತ್ತದೆ, ಖರೀದಿದಾರರು ಬೇರೆ ಮಿಲ್ಲಿನ ಲಾರಿ ಇಳಿಸಿಕೊಂಡಿರುತ್ತಾರೆ.

ರಾಯಚೂರು ಜಿಲ್ಲೆಯವರಿಗೆ ಈ ಕಷ್ಟದ ಸ್ವರೂಪ ಚೆನ್ನಾಗಿ ಗೊತ್ತು. ತುಂಗಭದ್ರಾ ಜಲಾಶಯ ತುಂಬಿದೆ, ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂದ ಮಾತ್ರಕ್ಕೆ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆ ಭಾಗದ ಗದ್ದೆಗೆ ನೀರು ಹರಿಯಿತೆಂದು ಯಾರೂ ನಂಬುವುದಿಲ್ಲ. ಜಲಾಶಯದ ಮಟ್ಟ ಕೇಳಿದ ಬಾಯಲ್ಲೇ ರೈತರು ಮೈಲ್ 69ರಲ್ಲಿ ಗೇಜ್ ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಎಂದೂ ಕೇಳುತ್ತಾರೆ. ಮೇಲ್ ಸರ್ವರನ್ನು ನೋಡಿಕೊಳ್ಳುವ ಕೆಲಸವೂ ಇದೇ ಬಗೆಯದು. ಸರ್ವರಿನ ಮೇಲೆ ಮಿನುಗುವ ಹಸಿರು ದೀಪ ಜಲಾಶಯದ ಮಟ್ಟದಂತೆ; ಅದು ಬೇಕು, ಆದರೆ ಕೊನೆ ಭಾಗದ ಸುದ್ದಿಯನ್ನು ಅದು ಹೇಳುವುದಿಲ್ಲ. ಹೊರಟ ಮೇಲ್ ಸೇರಬೇಕಾದವರ ಇನ್‌ಬಾಕ್ಸ್ ಸೇರಿತೇ, ಬರಬೇಕಾದ ಮೇಲ್ ಒಳಗೆ ಬಂತೇ, ಎಷ್ಟು ಹೊತ್ತಿನಲ್ಲಿ ಬಂತು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿದಿನ ಅಳತೆಯ ಉತ್ತರ ಸಿಗುವಂತೆ ಮಾಡುವುದೇ ಸರ್ವರಿನ ಆರೋಗ್ಯ ತಪಾಸಣೆ.

ಮೇಲ್ ಬರದಿದ್ದರೆ ಫೋನ್ ಮಾಡಿದರಾಯಿತು ಎನ್ನುವ ಕಾಲ ಈಗಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸುವುದೂ ನೋಟಿಸ್ ಜಾರಿಮಾಡುವ ಕ್ರಮಬದ್ಧ ದಾರಿ. ನೋಂದಣಿ ರದ್ದುಗೊಳಿಸುವ ಮೊದಲು ಕೊಡುವ ಶೋಕಾಸ್ ನೋಟಿಸಿಗೆ ಉತ್ತರಿಸಲು ಇರುವ ಅವಧಿ 7 ಕೆಲಸದ ದಿನ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎರಡೂ ಕಡೆಯವರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ, ಪಡೆಯುವವರು ಇಂಥ ಕಡೆಗೆ ಕಳಿಸಿ ಎಂದು ಗೊತ್ತುಮಾಡಿದ ಕಂಪ್ಯೂಟರ್ ವ್ಯವಸ್ಥೆಯನ್ನು ದಾಖಲೆ ಹೊಕ್ಕ ಹೊತ್ತೇ ಅದು ತಲುಪಿದ ಹೊತ್ತು. ಯಾರಾದರೂ ಓದಿದರೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸ್ಪ್ಯಾಮ್ ಫೋಲ್ಡರಿಗೆ ಬಿದ್ದ ನೋಟಿಸು ಕೂಡ ಸರ್ವರನ್ನು ಹೊಕ್ಕೇ ಬಿದ್ದಿರುತ್ತದೆ.

ಕ್ಯೂ ಎಂಬ ನಾಡಿ

ಒಂದೇ ಒಂದು ಅಂಕಿಯನ್ನು ನೋಡಲು ಬಿಡುವಿದೆ ಎಂದರೆ ನೋಡಬೇಕಾದ್ದು ಕ್ಯೂ. ಈ ಹೊತ್ತಿನಲ್ಲಿ ಎಷ್ಟು ಮೇಲ್ ಕಾಯುತ್ತಿವೆ, ಅವುಗಳಲ್ಲಿ ಅತಿ ಹಳೆಯದು ಎಷ್ಟು ಹೊತ್ತಿನಿಂದ ಕಾಯುತ್ತಿದೆ, ಯಾವ ಊರಿನ ಯಾವ ಸರ್ವರಿಗಾಗಿ ಕಾಯುತ್ತಿದೆ ಎಂಬ ಮೂರು ಮಾತಿನಲ್ಲಿ ಸರ್ವರಿನ ಅರ್ಧ ಆರೋಗ್ಯ ತಿಳಿದುಬಿಡುತ್ತದೆ. ದಿನಕ್ಕೆ ಇನ್ನೂರು ಮುನ್ನೂರು ಮೇಲ್ ಕಳಿಸುವ ಮಿಲ್ಲಿನ ಕ್ಯೂನಲ್ಲಿ ನಾಲ್ಕಾರು ಮೇಲ್ ಕಾಯುವುದು ಮಾಮೂಲು. ಯಾರೋ ಒಬ್ಬರ ಮೇಲ್ ಪೆಟ್ಟಿಗೆ ತುಂಬಿರುತ್ತದೆ, ಯಾರದೋ ಸರ್ವರ್ ಬಂದ್ ಇರುತ್ತದೆ. ಕಾಯುವವೆಲ್ಲ ಒಂದೇ ಕಂಪನಿಯ ಸರ್ವರಿಗೆ ಹೊರಟವಾದರೆ ತೊಂದರೆ ಬಹುಶಃ ಆ ಕಡೆಯದು. ಎಲ್ಲ ಊರಿಗೂ ಹೊರಟವು ಒಟ್ಟಿಗೆ ನಿಂತಿದ್ದರೆ ತೊಂದರೆ ಈ ಕಡೆಯದು: ನೆಟ್ ಹೋಗಿದೆ, ಡಿಎನ್‌ಎಸ್ ಉತ್ತರಿಸುತ್ತಿಲ್ಲ, ಇಲ್ಲವೇ ಹೆಸರು ಕೆಟ್ಟಿದೆ.

2022ರ ಜನವರಿ 1, ಶನಿವಾರ. ಭಾರತದಲ್ಲಿ ಬೆಳಗಿನ ಐದೂವರೆ ಆಗುವಷ್ಟರಲ್ಲಿ ಜಗತ್ತಿನ ಸಾಕಷ್ಟು ಸಂಸ್ಥೆಗಳ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರುಗಳಲ್ಲಿ ಮೇಲ್ ನಿಂತುಹೋಯಿತು. ಸರ್ವರುಗಳು ಚಾಲೂ ಇದ್ದವು, ಪಾಸ್‌ವರ್ಡ್ ಹಾಕಿದರೆ ಪೆಟ್ಟಿಗೆ ತೆರೆಯುತ್ತಿತ್ತು, ಹಳೆಯ ಮೇಲ್ ಎಲ್ಲ ಇದ್ದಲ್ಲೇ ಇತ್ತು. ಹೊಸದು ಮಾತ್ರ ಬರುತ್ತಿರಲಿಲ್ಲ. ಕಾರಣ ಒಂದು ಸಂಖ್ಯೆ. ವೈರಸ್ ತಪಾಸಣೆಯ ಭಾಗಕ್ಕೆ ಬರುವ ಅಪ್‌ಡೇಟಿಗೆ ತಾರೀಖನ್ನೇ ಸೇರಿಸಿ ಕ್ರಮಸಂಖ್ಯೆ ಕೊಡುತ್ತಿದ್ದರು. ಹೊಸ ವರ್ಷದ ಮೊದಲ ಸಂಖ್ಯೆ 2201010001. ಆ ಸಂಖ್ಯೆಯನ್ನು ಇಡಲು ತಂತ್ರಾಂಶದಲ್ಲಿ ಮಾಡಿದ್ದ ಜಾಗ 2147483647ಕ್ಕಿಂತ ದೊಡ್ಡದನ್ನು ಹಿಡಿಯುತ್ತಿರಲಿಲ್ಲ. ತಪಾಸಣೆಯ ಭಾಗ ಕುಸಿಯಿತು, ತಪಾಸಣೆ ಆಗದ ಮೇಲನ್ನು ಸರ್ವರ್ ಮುಂದಕ್ಕೆ ಬಿಡಲಿಲ್ಲ. ಮೇಲ್ ಕಳೆದುಹೋಗಲಿಲ್ಲ, ಕ್ಯೂನಲ್ಲಿ ರಾಶಿ ಬಿತ್ತು. ಸರ್ವರ್ ಚಾಲೂ ಇದೆಯೇ ಎಂದಷ್ಟೇ ಕೇಳುವ ತಪಾಸಣೆಗೆ ಅಂದು ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಕ್ಯೂ ಎಣಿಸುತ್ತಿದ್ದವರಿಗೆ ಮಾತ್ರ ಆ ರಜೆಯ ಬೆಳಗ್ಗೆಯೇ ವಿಷಯ ತಿಳಿಯುವಂತಿತ್ತು.

ತುಂಬಿದ ಡಿಸ್ಕು

ಸಣ್ಣ ಊರಿನ ಸರ್ವರುಗಳನ್ನು ಕೆಡಿಸುವ ಸಾಮಾನ್ಯ ಕಾರಣಗಳಲ್ಲಿ ಒಂದು ಎಲ್ಲಕ್ಕಿಂತ ಸರಳವಾದದ್ದು: ಡಿಸ್ಕ್ ಫುಲ್. ಲಾರಿ ರಶೀದಿ, ತೂಕದ ಚೀಟಿ, ಇನ್‌ವಾಯ್ಸುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದು ಮೇಲಿಗೆ ಅಂಟಿಸುವ ರೂಢಿ ಬಂದ ಮೇಲೆ ಪೆಟ್ಟಿಗೆಗಳು ಬೇಗ ತುಂಬುತ್ತವೆ. ಮೇಲ್ ಮೂಲತಃ ಅಕ್ಷರ ಸಾಗಿಸಲು ಆದ ವ್ಯವಸ್ಥೆ. ಚಿತ್ರವನ್ನೋ ಪಿಡಿಎಫ್ ಅನ್ನೋ ಅಕ್ಷರಗಳಾಗಿ ಬದಲಿಸಿಯೇ ಕಳಿಸಬೇಕು, ಆಗ ಅದರ ಗಾತ್ರ ಮೂರರಲ್ಲೊಂದು ಪಾಲು ಹಿಗ್ಗುತ್ತದೆ. 9 ಎಂಬಿಯ ಸ್ಕ್ಯಾನ್ 12 ಎಂಬಿ ಆಗುತ್ತದೆ. ಪೋಸ್ಟ್‌ಫಿಕ್ಸ್ ಮೂಲ ಸೆಟ್ಟಿಂಗಿನಲ್ಲಿ ಒಪ್ಪುವ ಮಿತಿ ಸುಮಾರು 10 ಎಂಬಿ. ‘9 ಎಂಬಿ ಫೈಲ್ ಯಾಕೆ ಹೋಗಲಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಇದು.

ಡಿಸ್ಕಿನಲ್ಲಿ ಜಾಗ ತೀರಾ ಕಡಿಮೆಯಾದಾಗ ಸರ್ವರ್ ಒಳಬರುವ ಮೇಲಿಗೆ 452 ಎಂದು ಉತ್ತರಿಸತೊಡಗುತ್ತದೆ: ಜಾಗವಿಲ್ಲ, ಆಮೇಲೆ ಬಾ. ಆಗ ಮೇಲ್ ಕಳಿಸಿದವರ ಸರ್ವರಿನಲ್ಲಿ ಕಾಯುತ್ತದೆ, ಈ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಇಂದು ಮೇಲ್ ಕಡಿಮೆ ಎಂದುಕೊಂಡು ಸುಮ್ಮನಿರುತ್ತಾರೆ. ಇದರ ಜೊತೆಗೆ ಇನ್ನೊಂದು ಮೋಸವಿದೆ. ಪ್ರತಿ ಮೇಲನ್ನೂ ಪ್ರತ್ಯೇಕ ಫೈಲಾಗಿ ಇಡುವ ಸರ್ವರುಗಳಲ್ಲಿ ಜಾಗ ಉಳಿದಿದ್ದರೂ ಫೈಲುಗಳ ಸಂಖ್ಯೆಯ ಮಿತಿ ಮುಗಿದುಹೋಗಬಹುದು. ಉಳಿದ ಗಿಗಾಬೈಟ್ ಎಷ್ಟು ಎಂಬುದರ ಜೊತೆಗೆ ಉಳಿದ ಫೈಲ್ ಸಂಖ್ಯೆಯನ್ನೂ ನೋಡಬೇಕು ಎನ್ನುವುದು ಅದಕ್ಕೇ. ಶೇಕಡಾ 80 ತುಂಬಿದಾಗ ಒಂದು ಎಚ್ಚರಿಕೆ, 90ಕ್ಕೆ ಇನ್ನೊಂದು ಎಂದು ಇಟ್ಟುಕೊಳ್ಳುವುದು ಅನೇಕರ ರೂಢಿ. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ, ಈಗಿನ ವೇಗದಲ್ಲಿ ತುಂಬುತ್ತ ಹೋದರೆ ಉಳಿದ ಜಾಗ ಎಷ್ಟು ದಿನಕ್ಕೆ ಸಾಲುತ್ತದೆ ಎಂಬುದು. ಭತ್ತದ ಸುಗ್ಗಿಯ ತಿಂಗಳಲ್ಲಿ ಆ ವೇಗ ಬೇರೆ ತಿಂಗಳಿನಂತೆ ಇರುವುದಿಲ್ಲ.

ಹೆಸರು ಕೆಟ್ಟರೆ

ಮೇಲ್ ಜಗತ್ತಿನಲ್ಲಿ ಸರ್ವರಿಗೂ ಒಂದು ಮರ್ಯಾದೆ ಇದೆ. ಗಂಜ್‌ನಲ್ಲಿ ಒಮ್ಮೆ ಮಾತು ತಪ್ಪಿದ ವ್ಯಾಪಾರಿಗೆ ಉದ್ದರಿ ಹುಟ್ಟುವುದು ಹೇಗೆ ಕಷ್ಟವೋ, ಒಮ್ಮೆ ಸ್ಪ್ಯಾಮ್ ಕಳಿಸಿದ ಸರ್ವರಿನ ಮೇಲನ್ನು ಬೇರೆಯವರು ತೆಗೆದುಕೊಳ್ಳುವುದೂ ಹಾಗೇ ಕಷ್ಟ. ಇಲ್ಲಿ ತಪ್ಪು ಮಾಡಿದವರು ಸಾಮಾನ್ಯವಾಗಿ ಸರ್ವರಿನ ಒಡೆಯರಲ್ಲ. ಕೆಲಸಗಾರರೊಬ್ಬರ ಪಾಸ್‌ವರ್ಡ್ ಸುಲಭದ್ದಾಗಿರುತ್ತದೆ, ಅಥವಾ ಬೇರೆಲ್ಲೋ ಬಳಸಿದ ಅದೇ ಪಾಸ್‌ವರ್ಡ್ ಕಳುವಾಗಿರುತ್ತದೆ. ರಾತ್ರಿ ಒಂದು ಗಂಟೆಗೆ ದೂರದ ಯಾವುದೋ ದೇಶದಿಂದ ಆ ಹೆಸರಿನಲ್ಲಿ ಲಾಗಿನ್ ಆಗುತ್ತದೆ. ಬೆಳಗಾಗುವುದರೊಳಗೆ ಸಾವಿರಾರು ಮೇಲ್ ಹೊರಟಿರುತ್ತವೆ. ಬೆಳಗ್ಗೆ ಹತ್ತಕ್ಕೆ ಕಚೇರಿ ತೆರೆದಾಗ ಸರ್ವರ್ ಎಂದಿನಂತೆ ಚಾಲೂ ಇರುತ್ತದೆ, ಆದರೆ ನಿಜವಾದ ಇನ್‌ವಾಯ್ಸುಗಳನ್ನು ಯಾರೂ ಮುಟ್ಟುವುದಿಲ್ಲ.

ಇದನ್ನು ಹಿಡಿಯುವ ಅಂಕಿಗಳು ಕೆಲವೇ. ಒಬ್ಬೊಬ್ಬರ ಹೆಸರಿನಲ್ಲಿ ಗಂಟೆಗೆ ಎಷ್ಟು ಮೇಲ್ ಹೊರಟಿತು; ತಪ್ಪು ಪಾಸ್‌ವರ್ಡಿನ ಪ್ರಯತ್ನ ಎಷ್ಟು; ಲಾಗಿನ್ ಯಾವ ದೇಶದಿಂದ ಆಯಿತು; ವಾಪಸು ಬಂದ ಬೌನ್ಸ್ ಎಷ್ಟು. ದಿನಕ್ಕೆ ಹದಿನೈದು ಮೇಲ್ ಕಳಿಸುವ ಗುಮಾಸ್ತರ ಹೆಸರಿನಲ್ಲಿ ಗಂಟೆಗೆ ಐದುನೂರು ಹೊರಟರೆ, ಕಾರಣ ಹುಡುಕುವ ಮೊದಲು ಆ ಖಾತೆಯನ್ನು ಬಂದ್ ಮಾಡುವುದು ಜಾಣತನ. ಗಂಟೆಗೆ ಇಷ್ಟೇ ಎಂಬ ಮಿತಿಯನ್ನು ಸರ್ವರಿನಲ್ಲೇ ಹಾಕಿಟ್ಟರೆ ಇನ್ನೂ ಒಳ್ಳೆಯದು.

ಹೆಸರು ಕೆಟ್ಟಿದೆಯೇ ಎಂದು ಹೊರಗಿನ ಪಟ್ಟಿಗಳಲ್ಲಿ ನೋಡಬಹುದು. ಸ್ಟೀವ್ ಲಿನ್‌ಫೋರ್ಡ್ 1998ರಲ್ಲಿ ಶುರುಮಾಡಿದ ಸ್ಪ್ಯಾಮ್‌ಹೌಸ್ ಸಂಸ್ಥೆಯ ಕಪ್ಪುಪಟ್ಟಿ ಇವುಗಳಲ್ಲಿ ಹೆಸರುವಾಸಿ. ಕೇಳುವ ವಿಧಾನ ವಿಶೇಷವಾದದ್ದು. ಸರ್ವರಿನ ಐಪಿ ಸಂಖ್ಯೆ 203.0.113.25 ಎಂದಿಟ್ಟುಕೊಂಡರೆ (ಇದು ಉದಾಹರಣೆಗೆಂದೇ ಮೀಸಲಿಟ್ಟ ಸಂಖ್ಯೆ) ಅದನ್ನು ಹಿಂದುಮುಂದಾಗಿ 25.113.0.203 ಎಂದು ಬರೆದು, ಅದರ ಕೊನೆಗೆ ಸ್ಪ್ಯಾಮ್‌ಹೌಸಿನ ಹೆಸರು ಸೇರಿಸಿ ಡಿಎನ್‌ಎಸ್‌ನಲ್ಲಿ ವಿಚಾರಿಸಬೇಕು. ‘ಇಲ್ಲ’ ಎಂಬ ಉತ್ತರವೇ ಶುಭ ಸುದ್ದಿ. 127.0.0.2ರಂಥ ಸಂಖ್ಯೆ ಬಂದರೆ ಹೆಸರು ಪಟ್ಟಿಯಲ್ಲಿದೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎನ್ನುತ್ತದೆ. ‘ಈ ದಾರಿಯಲ್ಲಿ ಕೇಳಬೇಡಿ’ ಎಂದು ಅದರ ಅರ್ಥವೇ ಹೊರತು ಹೆಸರು ಪಟ್ಟಿಯಲ್ಲಿದೆ ಎಂದಲ್ಲ. ಯಾವ ಉತ್ತರ ಬಂದರೂ ಅಪಾಯವೆಂದೇ ತಿಳಿಯುವ ತಪಾಸಣೆ ಇಲ್ಲಿ ಸುಳ್ಳು ಗಾಬರಿ ಎಬ್ಬಿಸುತ್ತದೆ.

ದೇವದುರ್ಗದಲ್ಲೋ ಮಾನ್ವಿಯಲ್ಲೋ ಮನೆ-ಅಂಗಡಿಗೆ ಕೊಡುವ ಮಾಮೂಲು ಬ್ರಾಡ್‌ಬ್ಯಾಂಡಿನ ಮೇಲೆ ಮೇಲ್ ಸರ್ವರ್ ಕೂರಿಸಿದರೆ ತಪ್ಪೇ ಮಾಡದೆಯೂ ಮೇಲ್ ನಿಲ್ಲುತ್ತದೆ. ಅಂಥ ಸಂಪರ್ಕಗಳ ಐಪಿ ಸಂಖ್ಯೆ ಆಗಾಗ ಬದಲಾಗುತ್ತಿರುತ್ತದೆ. ಅವುಗಳಿಂದ ನೇರವಾಗಿ ಮೇಲ್ ಹೊರಡಬಾರದು ಎಂದು ಸ್ಪ್ಯಾಮ್‌ಹೌಸ್ ಪ್ರತ್ಯೇಕ ಪಟ್ಟಿಯನ್ನೇ ಇಟ್ಟಿದೆ. 25ನೇ ಪೋರ್ಟನ್ನು ಸಂಪರ್ಕ ಕೊಟ್ಟವರೇ ಮುಚ್ಚಿರುವುದೂ ಉಂಟು. ಸ್ಥಿರ ಐಪಿ ತೆಗೆದುಕೊಂಡು, ಆ ಸಂಖ್ಯೆಯಿಂದ ಹಿಂದಕ್ಕೆ ಹುಡುಕಿದರೆ ಸರ್ವರಿನ ಹೆಸರು ಸಿಗುವಂತೆ ಸಂಪರ್ಕ ಕೊಟ್ಟವರ ಕೈಯಲ್ಲಿ ದಾಖಲೆ ಮಾಡಿಸುವುದು ಮೊದಲ ಕೆಲಸ. ಸಂಪರ್ಕದ ಪ್ಲಾನ್ ಬದಲಿಸಿದಾಗ ಈ ದಾಖಲೆ ಅಳಿಸಿಹೋಗಬಹುದು, ಆದ್ದರಿಂದ ಅದನ್ನೂ ತಪಾಸಣೆಯ ಪಟ್ಟಿಯಲ್ಲಿ ಇಡಬೇಕು.

ಇದರ ಮೇಲೆ ಗುರುತಿನ ಮೂರು ದಾಖಲೆಗಳಿವೆ. ಈ ಡೊಮೇನಿನ ಮೇಲ್ ಯಾವ ಯಾವ ಸರ್ವರಿನಿಂದ ಹೊರಡಬಹುದು ಎಂದು ಹೇಳುವುದು ಎಸ್‌ಪಿಎಫ್. ಮೇಲ್ ದಾರಿಯಲ್ಲಿ ತಿದ್ದುಪಡಿ ಆಗಿಲ್ಲವೆಂದು ಮೊಹರು ಹಾಕುವುದು ಡಿಕೆಐಎಂ. ಇವೆರಡೂ ತಾಳೆಯಾಗದ ಮೇಲನ್ನು ಏನು ಮಾಡಬೇಕೆಂದು ಪಡೆಯುವವರಿಗೆ ತಿಳಿಸುವುದು ಡಿಮಾರ್ಕ್. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರನ್ನೂ ಗೂಗಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು. ಅದಕ್ಕಿಂತ ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಇಲ್ಲವೇ ಡಿಕೆಐಎಂ ಇರಲೇಬೇಕು. ಜಿಮೇಲ್ ಬಳಸುವವರು ‘ಇದು ಸ್ಪ್ಯಾಮ್’ ಎಂದು ಒತ್ತುವ ಪ್ರಮಾಣ ಶೇಕಡಾ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ಡಿಮಾರ್ಕ್ ಇಟ್ಟವರಿಗೆ ದೊಡ್ಡ ಮೇಲ್ ಸಂಸ್ಥೆಗಳು ದಿನಕ್ಕೊಮ್ಮೆ ವರದಿ ಕಳಿಸುತ್ತವೆ: ನಿಮ್ಮ ಹೆಸರಿನಲ್ಲಿ ಇಷ್ಟು ಮೇಲ್ ಬಂತು, ಇಷ್ಟು ತಾಳೆಯಾಯಿತು, ಇಷ್ಟು ಆಗಲಿಲ್ಲ. ಕೊನೆ ಭಾಗದ ಗೇಜನ್ನು ಎದುರಿನವರೇ ಓದಿ ಹೇಳಿದಂತೆ ಅದು. ಇಷ್ಟು ಬೆಲೆಬಾಳುವ ವರದಿಯನ್ನು ಯಾರೂ ತೆರೆಯದ ಪೆಟ್ಟಿಗೆಗೆ ಬೀಳುವಂತೆ ಬಿಡುವುದು ದೊಡ್ಡ ನಷ್ಟ.

ಬಿಸಿಲು, ಕರೆಂಟು, ಧೂಳು

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಸರ್ವರಿಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಎನ್ನುವುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಶಿಫಾರಸು. ಲೆಕ್ಕದ ಕೋಣೆಯ ಏಸಿಯನ್ನು ಸಂಜೆ ಮನೆಗೆ ಹೋಗುವಾಗ ಆರಿಸಿ ಹೋದರೆ ರಾತ್ರಿಯಿಡೀ ಸರ್ವರ್ ಬಿಸಿ ಗೋಡೆಗಳ ನಡುವೆ ಇರುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಎಳೆ, ರೈಸ್ ಮಿಲ್ಲಿನಲ್ಲಿ ತೌಡು-ಹೊಟ್ಟಿನ ಧೂಳು ಫ್ಯಾನಿನ ಜಾಲರಿಗೆ ಮೆತ್ತಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಯಂತ್ರದೊಳಗಿನ ಬಿಸಿ ಅಳೆಯುವ ಸಾಧನ ಸರ್ವರುಗಳಲ್ಲಿ ಇದ್ದೇ ಇರುತ್ತದೆ. ಆ ಅಂಕಿಯನ್ನು ಕೋಣೆಯ ಬಿಸಿಯ ಜೊತೆ ಇಟ್ಟು ನೋಡಿದರೆ, ಕೋಣೆ ತಂಪಾಗಿದ್ದೂ ಯಂತ್ರ ಬಿಸಿಯಾಗುತ್ತಿದೆ ಎಂದಾಗ ಜಾಲರಿ ಒರೆಸುವ ಹೊತ್ತಾಯಿತೆಂದು ಗೊತ್ತಾಗುತ್ತದೆ.

ಯುಪಿಎಸ್ ಬ್ಯಾಟರಿಗೂ ಬಿಸಿ ಆಗದು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕೆಲಸದವರೆಲ್ಲ ಹೇಳುವ ಲೆಕ್ಕ. ಯುಪಿಎಸ್‌ನ ದೀಪ ಉರಿಯುತ್ತಿರುತ್ತದೆ, ಕರೆಂಟು ಹೋದಾಗ ಅರ್ಧ ಗಂಟೆ ನಿಲ್ಲಬೇಕಾದ್ದು ಎರಡೇ ನಿಮಿಷಕ್ಕೆ ಕೈಬಿಡುತ್ತದೆ. ಮೂರು ತಿಂಗಳಿಗೊಮ್ಮೆ ಕರೆಂಟು ತೆಗೆದು ಎಷ್ಟು ನಿಮಿಷ ನಿಂತಿತೆಂದು ಬರೆದಿಡಬೇಕು. ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿಯೇ ಸರಿಯಾದ ಕ್ರಮದಲ್ಲಿ ಮುಚ್ಚಿಕೊಳ್ಳುವಂತೆ ಯುಪಿಎಸ್ ಮತ್ತು ಸರ್ವರ್ ನಡುವೆ ಒಂದು ತಂತಿ ಇರಬೇಕು. ತಟಕ್ಕನೆ ಆರಿದ ಸರ್ವರಿನಲ್ಲಿ ಅರ್ಧ ಬರೆದ ಫೈಲುಗಳು ಕೆಡುತ್ತವೆ.

ಡಿಸ್ಕುಗಳು ಸಾಯುವ ಮುನ್ನ ಸೂಚನೆ ಕೊಡುವುದುಂಟು. ಕೆಟ್ಟ ಭಾಗವನ್ನು ಬಿಟ್ಟು ಬೇರೆ ಭಾಗಕ್ಕೆ ಬರಹವನ್ನು ಎಷ್ಟು ಸಲ ಸರಿಸಬೇಕಾಯಿತು ಎಂಬ ಲೆಕ್ಕವನ್ನು ಡಿಸ್ಕ್ ತನ್ನೊಳಗೇ ಇಡುತ್ತದೆ. ಸ್ಮಾರ್ಟ್ ಎಂಬ ಆ ಪಟ್ಟಿಯಲ್ಲಿ ಈ ಅಂಕಿ ಸೊನ್ನೆಯಿಂದ ಏರತೊಡಗಿದರೆ ಹೊಸ ಡಿಸ್ಕಿಗೆ ಹೇಳಿಬಿಡಬೇಕು. ಎರಡು ಡಿಸ್ಕುಗಳಲ್ಲಿ ಒಂದೇ ಬರಹವನ್ನು ಜೋಡಿಯಾಗಿ ಇಡುವ ವ್ಯವಸ್ಥೆಯಲ್ಲಿ ಒಂದು ಸತ್ತರೆ ಮೇಲ್ ನಿಲ್ಲುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಎರಡನೆಯದು ಸತ್ತ ದಿನ ಎಲ್ಲ ಹೋಗುತ್ತದೆ. ಹೊರಗೆ ಎಲ್ಲ ಸರಿಯಿದ್ದಂತೆ ಕಾಣುವಾಗಲೇ ಒಳಗಿನ ಒಂದು ಭಾಗ ಕೈಕೊಡಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆಯ ರೈತರು ಎಂಥ ಆತಂಕದಲ್ಲಿದ್ದರು ಎಂಬುದು ಈ ಭಾಗದಲ್ಲಿ ಎಲ್ಲರಿಗೂ ನೆನಪಿದೆ. ಜಲಾಶಯ ತುಂಬಿ ನಿಂತಾಗಲೇ ಚೈನ್ ಕೈಕೊಟ್ಟಿತ್ತು.

ಪರೀಕ್ಷೆಯ ಮೇಲ್

ಇಷ್ಟೆಲ್ಲ ಅಳತೆಗಳೂ ಸರ್ವರಿನ ಒಂದೊಂದು ಅಂಗದವು. ಇಡೀ ದೇಹದ ಪರೀಕ್ಷೆಗೆ ಇರುವ ದಾರಿ ಒಂದೇ: ನಿಜವಾದ ಮೇಲೊಂದನ್ನು ಕಳಿಸಿ ನೋಡುವುದು. ಹತ್ತು ನಿಮಿಷಕ್ಕೊಮ್ಮೆ ಸರ್ವರಿನಿಂದ ಹೊರಗಿನ ಪೆಟ್ಟಿಗೆಯೊಂದಕ್ಕೆ ಮೇಲ್ ಹೊರಡುತ್ತದೆ, ಅಲ್ಲಿಂದ ತಾನಾಗಿ ಉತ್ತರ ಬರುತ್ತದೆ, ಹೋಗಿಬರಲು ಹಿಡಿದ ಹೊತ್ತನ್ನು ಗುರುತು ಹಾಕಲಾಗುತ್ತದೆ. ಇನ್‌ಬಾಕ್ಸಿಗೆ ಬಂತೋ ಸ್ಪ್ಯಾಮಿಗೆ ಬಿತ್ತೋ ಎಂಬುದನ್ನೂ ಜೊತೆಗೇ ನೋಡಬೇಕು.

ಪರೀಕ್ಷೆಯ ಮೇಲಿನ ವಿಷಯದ ಸಾಲು ಕನ್ನಡದಲ್ಲಿರಲಿ. ‘ರಾಯಚೂರು’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಎಣಿಸುವ ಚಿಹ್ನೆ 7. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಒಟ್ಟು 21. ಮೇಲಿನ ತಲೆಬರಹದಲ್ಲಿ ಸಾಗಲು ಅವು 28 ಇಂಗ್ಲಿಷ್ ಅಕ್ಷರ-ಅಂಕಿ-ಚಿಹ್ನೆಗಳಾಗಿ ಬದಲಾಗುತ್ತವೆ, ಆ ಕಡೆ ಮತ್ತೆ ಕನ್ನಡವಾಗಬೇಕು. ದಾರಿಯಲ್ಲಿನ ಹಳೆಯ ತಂತ್ರಾಂಶವೊಂದು ಎಡವಿದರೆ ‘ರಾಯಚೂರು’ ಹೋಗಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಇಂಗ್ಲಿಷಿನಲ್ಲಿ ‘ಟೆಸ್ಟ್’ ಎಂದು ಬರೆದು ಕಳಿಸುವ ಪರೀಕ್ಷೆಗೆ ಈ ದೋಷ ಯಾವತ್ತೂ ಸಿಗುವುದಿಲ್ಲ.

ತಡವಾಗಿ ಬಂದ ಮೇಲ್ ಎಲ್ಲಿ ನಿಂತಿತ್ತು ಎಂಬುದು ಮೇಲಿನಲ್ಲೇ ಬರೆದಿರುತ್ತದೆ. ದಾರಿಯಲ್ಲಿ ಕೈ ಹಾಕಿದ ಪ್ರತಿ ಸರ್ವರೂ ‘ಇಷ್ಟು ಹೊತ್ತಿಗೆ ನನ್ನ ಕೈಗೆ ಬಂತು’ ಎಂದು ತಲೆಬರಹದ ಮೇಲ್ತುದಿಗೆ ಒಂದು ಸಾಲು ಸೇರಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಪ್ರಯಾಣ ಕಾಣುತ್ತದೆ. ಮಾನ್ವಿಯ ಮಿಲ್ಲಿನಲ್ಲಿ 10:02:11, ರಾಯಚೂರಿನ ಕಚೇರಿಯ ಸರ್ವರಿನಲ್ಲಿ 10:02:13, ಖರೀದಿದಾರರ ಸರ್ವರಿನಲ್ಲಿ 10:41:50 ಎಂದಿದ್ದರೆ, ಮೇಲ್ 39 ನಿಮಿಷ 37 ಸೆಕೆಂಡು ರಾಯಚೂರಿನ ಕ್ಯೂನಲ್ಲಿ ಕೂತಿತ್ತು. ಆ ಹೊತ್ತಿನ ಲಾಗ್ (ಸರ್ವರ್ ಬರೆದಿಡುವ ದಿನಚರಿ) ತೆಗೆದರೆ ಕಾರಣವೂ ಸಿಗುತ್ತದೆ. ಬಹಳ ಸಲ ಅದು ಗ್ರೇಲಿಸ್ಟಿಂಗ್: ಪರಿಚಯವಿಲ್ಲದ ಸರ್ವರಿಗೆ ಮೊದಲ ಸಲ ‘ಆಮೇಲೆ ಬಾ’ ಎಂದು ಹೇಳಿ, ಮತ್ತೆ ಬಂದವರನ್ನು ಮಾತ್ರ ಒಳಬಿಡುವ ಉಪಾಯ. ಸ್ಪ್ಯಾಮ್ ಕಳಿಸುವವರು ಹೆಚ್ಚಾಗಿ ಎರಡನೇ ಸಲ ಬರುವುದಿಲ್ಲ. ಗಡಿಯಾರಗಳು ಸರಿಯಿಲ್ಲದಿದ್ದರೆ ಈ ಓದು ಕೈಕೊಡುತ್ತದೆ. ಹೊರಡುವ ಮೊದಲೇ ಮುಟ್ಟಿದ ಮೇಲೂ ಕಾಣಸಿಗುತ್ತದೆ.

ಗಡಿಯಾರದ ವಿಷಯ ಕಾನೂನಿಗೂ ಸೇರಿದ್ದು. ದೇಶದ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಕಂಪ್ಯೂಟರ್ ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕು, ಲಾಗುಗಳನ್ನು 180 ದಿನ ಇಡಬೇಕು, ಸರ್ವರಿಗೆ ಯಾರಾದರೂ ನುಗ್ಗಿದಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಇದು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯ. ನಾಲ್ಕು ದಿನಕ್ಕೊಮ್ಮೆ ಲಾಗ್ ತೆರೆಯುವ ಕಚೇರಿಯ ಗಮನಕ್ಕೆ ಘಟನೆ ಬರುವುದೇ ತಡವಾಗಿ.

ಎಚ್ಚರಿಸುವವರು ಯಾರು

ರಾಯಚೂರು ಜಿಲ್ಲೆಯ ಶಕ್ತಿನಗರದ 1720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಯಂತ್ರಗಳ ಬಿಸಿ, ಒತ್ತಡಗಳನ್ನು ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲೆ ಕೂತು ಹಗಲಿರುಳು ನೋಡುತ್ತಾರೆ. ಮಿಲ್ಲಿನ ಮೇಲ್ ಸರ್ವರಿಗೆ ಪಾಳಿಯವರಿಲ್ಲ. ಆ ಕೆಲಸಕ್ಕೆ ನಾಗಿಯೋಸ್, ಝ್ಯಾಬಿಕ್ಸ್‌ನಂಥ ತಂತ್ರಾಂಶಗಳಿವೆ. ಎರಡೂ ಉಚಿತವಾಗಿ ಸಿಗುತ್ತವೆ, ಹಳೆಯ ಕಂಪ್ಯೂಟರೊಂದರಲ್ಲಿ ನಡೆಯುತ್ತವೆ. ಆದರೆ ಆ ಕಂಪ್ಯೂಟರ್ ಸರ್ವರಿನ ಪಕ್ಕದಲ್ಲೇ ಇರಬಾರದು. ಅದೇ ಕೋಣೆ, ಅದೇ ಯುಪಿಎಸ್, ಅದೇ ನೆಟ್ ಆದರೆ, ದೇವದುರ್ಗದ ರಸ್ತೆ ಕೆಲಸದಲ್ಲಿ ಜೆಸಿಬಿ ಕೇಬಲ್ ಕಡಿದ ದಿನ ಕಾಯುವವರೂ ಕಾಯಿಸಿಕೊಳ್ಳುವವರೂ ಒಟ್ಟಿಗೆ ಮೌನವಾಗುತ್ತಾರೆ. ದೇವದುರ್ಗದ ಸರ್ವರನ್ನು ರಾಯಚೂರಿನ ಕಚೇರಿಯಿಂದ, ರಾಯಚೂರಿನದನ್ನು ಬೇರೆ ಊರಿನಿಂದ ನೋಡುವುದು ಸರಿ. ಮೇಲ್ ಸರ್ವರ್ ಕೆಟ್ಟಿದೆ ಎಂಬ ಸುದ್ದಿ ಮೇಲ್ ಮೂಲಕ ಬರುವಂತಿಲ್ಲ. ಎಸ್‌ಎಂಎಸ್ ಅಥವಾ ಮೊಬೈಲ್ ಆ್ಯಪ್ ಬೇಕು. ದಿನಕ್ಕೆ ನಲವತ್ತು ಸಲ ಎಚ್ಚರಿಸುವ ವ್ಯವಸ್ಥೆಯನ್ನು ವಾರದೊಳಗೆ ಎಲ್ಲರೂ ಸೈಲೆಂಟ್ ಮಾಡಿಬಿಡುತ್ತಾರೆ. ಒಂದು ಸಂದೇಶ ಬಂದರೆ ಯಾರಾದರೂ ಎದ್ದು ಏನಾದರೂ ಮಾಡಲೇಬೇಕು ಎಂಬಂಥವನ್ನು ಮಾತ್ರ ಮೊಬೈಲಿಗೆ ಬಿಟ್ಟು, ಉಳಿದವನ್ನು ಬೆಳಗಿನ ಒಂದು ಪಟ್ಟಿಗೆ ಸೇರಿಸುವುದು ನಡೆಯುವ ದಾರಿ.

ಬ್ಯಾಕಪ್ ಇದೆ ಎಂಬ ಮಾತನ್ನೂ ಅಳೆದೇ ನಂಬಬೇಕು. ತಿಂಗಳಿಗೊಮ್ಮೆ ಯಾವುದಾದರೂ ಒಂದು ಪೆಟ್ಟಿಗೆಯನ್ನು ಬೇರೆ ಯಂತ್ರದ ಮೇಲೆ ಬ್ಯಾಕಪ್‌ನಿಂದ ಎಬ್ಬಿಸಿ, ಹಳೆಯ ಮೇಲೊಂದನ್ನು ಅಂಟಿಸಿದ ಫೈಲಿನ ಸಮೇತ ತೆರೆದು ನೋಡಿದರೆ ಸಾಕು. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟರೆ, ಸರ್ವರ್ ಪೂರ್ತಿ ಹೋದ ದಿನ ಎಷ್ಟು ಹೊತ್ತಿಗೆ ಕೆಲಸ ಶುರುವಾದೀತೆಂದು ಮಾಲೀಕರಿಗೆ ಹೇಳಬಹುದು.

ಈ ಉಸಾಬರಿಯೇ ಬೇಡವೆಂದು ಮೇಲನ್ನು ಗೂಗಲ್, ಮೈಕ್ರೋಸಾಫ್ಟ್, ಚೆನ್ನೈ ಮೂಲದ ಝೋಹೋದಂಥ ಸಂಸ್ಥೆಗಳಿಗೆ ಒಪ್ಪಿಸಿದವರು ಈಗ ಹೆಚ್ಚು. ಐದಾರು ಪೆಟ್ಟಿಗೆಗಳ ಸಣ್ಣ ವ್ಯಾಪಾರಕ್ಕೆ ಅದೇ ಸರಿಯಾದ ನಿರ್ಧಾರ. ಆಗ ಡಿಸ್ಕು, ಬಿಸಿ, ಬ್ಯಾಟರಿಯ ಚಿಂತೆ ತಪ್ಪುತ್ತದೆ. ಪಾಸ್‌ವರ್ಡು, ಎಸ್‌ಪಿಎಫ್-ಡಿಮಾರ್ಕ್ ದಾಖಲೆಗಳು, ಸ್ಪ್ಯಾಮ್ ಫೋಲ್ಡರ್, ಪರೀಕ್ಷೆಯ ಮೇಲ್ ಮಾಲೀಕರ ಪಾಲಿಗೇ ಉಳಿಯುತ್ತವೆ. ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಇವುಗಳ ಜೊತೆ ಸರ್ವರಿನ ಗುರುತನ್ನು ಖಚಿತಪಡಿಸುವ ಸರ್ಟಿಫಿಕೇಟಿನ ಗಡುವೂ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತ ಬಂದಿರುವ ಸರ್ಟಿಫಿಕೇಟು ಹೆಚ್ಚೆಂದರೆ 90 ದಿನಕ್ಕೆ ಮುಗಿಯುತ್ತದೆ. ಯಾರೇ ಕೊಟ್ಟರೂ ಇಂಥ ಸರ್ಟಿಫಿಕೇಟುಗಳ ಗರಿಷ್ಠ ಅವಧಿ 2029ರ ಮಾರ್ಚಿಗೆ 47 ದಿನಕ್ಕೆ ಇಳಿಯಲಿದೆ. ಹೊಸ ಸರ್ಟಿಫಿಕೇಟು ಡಿಸ್ಕಿಗೆ ಬಂದು ಕೂತಿದ್ದರೂ ಸರ್ವರ್ ಹಳೆಯದನ್ನೇ ತೋರಿಸುತ್ತಿರಬಹುದು. ಆದ್ದರಿಂದ ಹೊರಗಿನಿಂದ ಸಂಪರ್ಕಿಸಿ, ಕೈಗೆ ಬಂದ ಸರ್ಟಿಫಿಕೇಟಿನ ತಾರೀಖನ್ನೇ ಓದಬೇಕು.

ಡೊಮೇನ್ ಹೆಸರಿನ ನವೀಕರಣ ಮಾತ್ರ ಎಲ್ಲರಿಗೂ ಸೇರಿದ್ದು. ಅದು ತಪ್ಪಿದರೆ ಎಂಥ ದೊಡ್ಡ ಸಂಸ್ಥೆಯ ಸರ್ವರಿದ್ದರೂ ಮೇಲ್ ಬರುವುದಿಲ್ಲ, ಹೆಸರು ಬೇರೆಯವರ ಪಾಲಾಗಲೂಬಹುದು. ನವೀಕರಿಸಿ ಎಂಬ ಜ್ಞಾಪನೆಯನ್ನು ಹೆಸರು ನೋಂದಾಯಿಸಿಕೊಟ್ಟ ರಿಜಿಸ್ಟ್ರಾರ್ ಕಳಿಸುವುದು ಮೇಲ್ ಮೂಲಕ. ಅಲ್ಲಿ ಕೊಟ್ಟ ವಿಳಾಸ ಆ ಡೊಮೇನಿನದೇ ಆಗಿದ್ದರೆ, ಅವಧಿ ಮುಗಿದ ನಂತರದ ಜ್ಞಾಪನೆಗಳು ಯಾರಿಗೂ ಮುಟ್ಟುವುದಿಲ್ಲ. ಕೆಲಸ ಬಿಟ್ಟುಹೋದ ಗುಮಾಸ್ತರ ವಿಳಾಸವಾಗಿದ್ದರೆ ಮೊದಲಿನವೂ ಮುಟ್ಟುವುದಿಲ್ಲ. ಬೇರೆ ಡೊಮೇನಿನ ಒಂದು ವಿಳಾಸವನ್ನೂ ಮಾಲೀಕರ ಮೊಬೈಲ್ ಸಂಖ್ಯೆಯನ್ನೂ ರಿಜಿಸ್ಟ್ರಾರಿಗೆ ಕೊಟ್ಟು, ಮುಗಿಯುವ ತಾರೀಖನ್ನು ಲೆಕ್ಕದ ಕೋಣೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.